ಕ್ರಾಸ್‌ಮ್ಯಾಚ್ ಸರಿ ಇತ್ತು, ಆದ್ರೂ ಅವ್ವಗ ಕಾಮಣಿ ಯಾಕ ಬಂತು?

ಕುಂದಗೋಳದಾಂವ:
ಹುಬ್ಬಳ್ಳಿ-ಧಾರವಾಡದಾಗ ಲ್ಯಾಬ್ ಕೆಲಸ ಮಾಡೋರು, ಡಾಕ್ಟ್ರು ಯಾರರ ಇದ್ರ ಸ್ವಲ್ಪ ದಾರಿ ತೋರಸ್ರಿ. ನಮ್ಮ ಅವ್ವಗ ಗರ್ಭಕೋಶದ ಆಪರೇಷನ್ ಆತು. ಅದಕ್ಕಿಂತ ಮೊದಲ ಹಿಮೋಗ್ಲೋಬಿನ್ 6.4 ಇತ್ತು ಅಂತ ಎರಡು ಬಾಟಲಿ ರಕ್ತ ಹಚ್ಚಿದ್ರು. ಅವ್ವನ ಗ್ರೂಪ್ ಬಿ ಪಾಸಿಟಿವ್, ಕೊಟ್ಟಿದ್ದೂ ಬಿ ಪಾಸಿಟಿವ್, ಚೀಟಿ ಮ್ಯಾಲ ಕ್ರಾಸ್‌ಮ್ಯಾಚ್ (ಅವ್ವನ ರಕ್ತ, ದಾನಿ ರಕ್ತ ಕೂಡಿಸಿ ನೋಡೂ ಟೆಸ್ಟ್) ಕಂಪ್ಯಾಟಿಬಲ್, ಅಂದ್ರ ಹೊಂದತೈತಿ ಅಂತ ಬರದಾರ. ಹಚ್ಚುವಾಗ ಚಳಿ ಇಲ್ಲ, ತುರಿಕಿ ಇಲ್ಲ, ಏನೂ ಇಲ್ಲ. ಹಿಮೋಗ್ಲೋಬಿನ್ 8.5ರ ಮ್ಯಾಲ ಬಂತು, ಆಪರೇಷನ್ ಚಲೋ ಆತು, ಮನಿಗೆ ಕರಕೊಂಡು ಬಂದ್ವಿ. ವಾರ ಒಪ್ಪತ್ತಿನಾಗ ಸಣ್ಣಗ ಜ್ವರ, ಕಣ್ಣು ಹಳದಿ, ಮೂತ್ರ ಕರ್ರಗ. ಮತ್ತ ನೋಡಿದ್ರ ಹಿಮೋಗ್ಲೋಬಿನ್ 6.8. ಎಲ್ಲೂ ರಕ್ತ ಹೋಗಿಲ್ಲ, ಹೊಲಿಗಿ ಚಲೋ ಅದಾವ. ಮೊದಲ ಹೆಪಟೈಟಿಸ್ ಇರಬೇಕು ಅಂದ್ರು, ಅದು ನೆಗೆಟಿವ್ ಬಂತು. ಈಗ "ಒಮ್ಮೊಮ್ಮೆ ಹಿಂಗ ಆಗತೈತಿ, ಕಾರಣ ಗೊತ್ತಾಗೂದಿಲ್ಲ, ಇನ್ನೆರಡು ಬಾಟಲಿ ಹಚ್ಚೂಣು" ಅನ್ನಾಕತ್ತಾರ. ಹಚ್ಚಿದ ರಕ್ತ ಹೋದದ್ದರ ಎಲ್ಲಿಗೆ? ದವಾಖಾನಿ ಹೆಸರು ಕೇಳಬ್ಯಾಡ್ರಿ, ಅಲ್ಲೇ ಇನ್ನೂ ತೋರಸಬೇಕು ನಾವು.

ಚಿಗರಿ ಬಸ್:
ಹಳೇ ರಕ್ತ ಕೊಟ್ಟಿರತಾರ ತಮ್ಮಾ. ಬಾಟಲಿ ಮ್ಯಾಲ ಡೇಟ್ ನೋಡಿದ್ರೇನು?

ಕುಂದಗೋಳದಾಂವ:
ನೋಡೀನ್ರಿ. ಫೋಟೋನೂ ಐತಿ. ಎರಡೂ ಎರಡು ವಾರದೊಳಗಿನವು.

ಗದುಗಿನ ಪಿಪೆಟ್:
ಹಂಗಾದ್ರ ಹಳೇದರ ಮಾತು ಬಿಡ್ರಿ. ಈಗಿನ ಚೀಲದಾಗ ಕೆಂಪುಕಣ 42 ದಿನ ಇಡತಾರ. ನಾನು ಬ್ಲಡ್ ಬ್ಯಾಂಕ್‌ನಾಗ ಟೆಕ್ನಿಷಿಯನ್ ಆಗಿ ರಿಟೈರ್ ಆದಾಂವ. ಎರಡು ಮಾತು ಕೇಳತೀನಿ. ನಿಮ್ಮ ಅವ್ವಗ ಎಷ್ಟು ಹೆರಿಗಿ ಆಗ್ಯಾವ? ಈ ಹಿಂದ ಯಾವಾಗರ ರಕ್ತ ಹಚ್ಚಿದ್ರೇನು, ಇಪ್ಪತ್ತು-ಮೂವತ್ತು ವರ್ಷದ ಹಿಂದಾದ್ರೂ ನಡೀತೈತಿ? ಮತ್ತ ಮುಂದಿನ ಬಾಟಲಿಗೆ ಹೂಂ ಅನ್ನೂಕಿಂತ ಮೊದಲ ಡಿಸಿಟಿ ಮಾಡ್ಯಾರೇನು ಕೇಳ್ರಿ. ಡೈರೆಕ್ಟ್ ಕೂಂಬ್ಸ್ ಟೆಸ್ಟ್, ಕೆಂಪುಕಣದ ಮ್ಯಾಲ ಆಂಟಿಬಾಡಿ ಕೂತೈತೇನು ಅಂತ ನೋಡೂದು. ದೊಡ್ಡ ಖರ್ಚಿನದ್ದಲ್ಲ, ಮಧ್ಯಾಹ್ನ ಕೊಟ್ರ ಸಂಜಿಗೆ ರಿಪೋರ್ಟ್ ಬರತೈತಿ.

ಕುಂದಗೋಳದಾಂವ:
ನಾವು ಮೂರು ಮಂದಿ ಮಕ್ಕಳ್ರಿ. ರಕ್ತದ್ದು ಅವ್ವನ್ನ ಕೇಳಿ ಹೇಳತೀನಿ. ಕೇಸ್ ಶೀಟಿನ್ಯಾಗ "ಈ ಹಿಂದೆ ರಕ್ತ ಕೊಡಲಾಗಿದೆಯೇ" ಅನ್ನೂದರ ಮುಂದ "ಇಲ್ಲ" ಅಂತ ಬರದೈತಿ. ವಾರ್ಡಿನ್ಯಾಗ ಯಾರು ಬರದ್ರೋ, ನಮ್ಮನ್ನಂತೂ ಯಾರೂ ಕೇಳಿಲ್ಲ.

ವಿದ್ಯಾನಗರ ಡಾಕ್ಟ್ರು:
ನಾನು ಟ್ರಾನ್ಸ್‌ಫ್ಯೂಷನ್ ಮೆಡಿಸಿನ್ ವಿಭಾಗದವಳು. ಇಲ್ಲಿ ಕುಳಿತು ರೋಗ ನಿರ್ಣಯ ಮಾಡಲು ಬರುವುದಿಲ್ಲ, ನೋಡುತ್ತಿರುವ ವೈದ್ಯರನ್ನು ಬಿಟ್ಟು ಏನೂ ಮಾಡಬೇಡಿ. ಆದರೆ ನೀವು ಹೇಳಿದ್ದೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿದೆ. ಕೊಡುವಾಗ ಎಲ್ಲ ಸುಸೂತ್ರ, ಕೆಲವು ದಿನ ಬಿಟ್ಟು ಜ್ವರ, ಕಾಮಾಲೆ, ಏರಿದ ಹಿಮೋಗ್ಲೋಬಿನ್ ಹಾಗೇ ಇಳಿಯುವುದು. ತಡವಾಗಿ ಬರುವ ಹಿಮೋಲಿಟಿಕ್ (ಕೆಂಪುಕಣ ಒಡೆಯುವ) ರಿಯಾಕ್ಷನ್ ಹೀಗೇ ಇರುತ್ತದೆ. ರಕ್ತ ಕೊಟ್ಟ 24 ಗಂಟೆಯಿಂದ 28 ದಿನದವರೆಗೆ ಯಾವಾಗ ಬೇಕಾದರೂ ಬರಬಹುದು. ಹೆಚ್ಚಿನವು ಒಂದೆರಡು ವಾರದೊಳಗೇ ಕಾಣಿಸುತ್ತವೆ.

ಒಳಗೆ ನಡೆಯುವುದು ಇಷ್ಟು. ಎ, ಬಿ, ಒ ಮತ್ತು ಪಾಸಿಟಿವ್-ನೆಗೆಟಿವ್ ಎಂದು ನಾವು ನೋಡುವುದು ಕೆಂಪುಕಣದ ಮೇಲಿನ ಎರಡೇ ಗುಂಪಿನ ಗುರುತುಗಳನ್ನು. ಕೆಲ್, ಕಿಡ್, ಡಫಿ, ಆರ್‌ಎಚ್‌ನದೇ ಸಣ್ಣ ಸಿ, ದೊಡ್ಡ ಇ, ಹೀಗೆ ನೂರಾರು ಗುರುತುಗಳು, ಅಂದರೆ ಆಂಟಿಜೆನ್‌ಗಳು, ಆ ಕಣದ ಮೇಲಿವೆ. ಅವುಗಳಲ್ಲಿ ನಮ್ಮಲ್ಲಿಲ್ಲದ ಒಂದು, ಹೆರಿಗೆಯಲ್ಲಿ ಮಗುವಿನ ರಕ್ತದಿಂದಲೋ ಹಳೆಯ ಬಾಟಲಿಯಿಂದಲೋ ಒಳಗೆ ಬಂದರೆ, ಕೆಲವರ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡುತ್ತದೆ. ಎಲ್ಲರೂ ಮಾಡುವುದಿಲ್ಲ. ಎಚ್‌ಎಲ್‌ಎ (ತನ್ನದು ಯಾವುದು, ಪರಕೀಯ ಯಾವುದು ಎಂದು ದೇಹ ತಿಳಿಯುವ ಕೋಶಗಳ ಗುರುತು) ಬಗೆ, ರಕ್ತ ಕೊಟ್ಟಾಗ ಮೈಯಲ್ಲಿ ಉರಿಯೂತ ಇತ್ತೇ ಎಂಬುದು, ಇವೆಲ್ಲ ಅದನ್ನು ನಿರ್ಧರಿಸುತ್ತವೆ. ವರ್ಷಗಳು ಕಳೆದಂತೆ ಆಂಟಿಬಾಡಿ ಇಳಿದು ಇಳಿದು ಟೆಸ್ಟಿಗೆ ಸಿಗದಷ್ಟಾಗುತ್ತದೆ. ಹಳೆಯದನ್ನು ನೆನಪಿಟ್ಟ ಮೆಮೊರಿ ಬಿ-ಕೋಶಗಳು ಮಾತ್ರ ಉಳಿದಿರುತ್ತವೆ. ಕ್ರಾಸ್‌ಮ್ಯಾಚ್ ಮಾಡಿದ ದಿನ ಸ್ಯಾಂಪಲ್‌ನಲ್ಲಿ ಆಂಟಿಬಾಡಿಯೇ ಇಲ್ಲ, ಆದ್ದರಿಂದ ಕಂಪ್ಯಾಟಿಬಲ್ ಎಂದು ಬರೆದದ್ದು ಸುಳ್ಳಲ್ಲ. ಅದೇ ಆಂಟಿಜೆನ್ ಇರುವ ರಕ್ತ ಒಳಗೆ ಹೋದ ಮೇಲೆ ಆ ಕೋಶಗಳು ಎಚ್ಚೆತ್ತು ಕೆಲವೇ ದಿನದಲ್ಲಿ ಐಜಿಜಿ ಎಂಬ ಬಗೆಯ ಆಂಟಿಬಾಡಿಯನ್ನು ಧಾರಾಳವಾಗಿ ತಯಾರಿಸುತ್ತವೆ. ಅದು ದಾನಿಯ ಕಣಗಳ ಮೇಲೆ ಕೂರುತ್ತದೆ. ಗುಲ್ಮದ (ಸ್ಪ್ಲೀನ್) ಮ್ಯಾಕ್ರೋಫೇಜ್ ಎಂಬ ಕೋಶಗಳು ಅಂಥ ಕಣಗಳನ್ನು ಹಿಡಿದು ನುಂಗುತ್ತವೆ. ಒಡೆದ ಹಿಮೋಗ್ಲೋಬಿನ್ ಬಿಲಿರುಬಿನ್ ಆಗಿ ಕಣ್ಣು ಹಳದಿಯಾಗುತ್ತದೆ. ನಿಮ್ಮ ತಾಯಿಗೆ ಕೊಟ್ಟ ರಕ್ತ ಹೋದದ್ದು ಬಹುಶಃ ಅಲ್ಲಿಗೆ.

ಸಾಧನಕೇರಿ ಸಂಜಿ:
ಹಂಗಾದ್ರ ಕ್ರಾಸ್‌ಮ್ಯಾಚ್ ಅನ್ನೂದು ಬರೇ ಕಾಗದದ ಶಾಸ್ತ್ರ ಆತಲ್ರಿ. ಅದಕ್ಕ ರೊಕ್ಕ ಬ್ಯಾರೆ ತಗೋತಾರ.

ಗದುಗಿನ ಪಿಪೆಟ್:
ಶಾಸ್ತ್ರ ಅಲ್ಲರೀ ಸಂಜಿಯವರ. ಎ ಗ್ರೂಪಿನಾಂವಗ ಬಿ ಹಚ್ಚಿದ್ರ ಮಂದಿ ಅರ್ಧ ತಾಸಿನ್ಯಾಗ ಸಾಯೂ ಹಂತಕ್ಕ ಹೋಗತಾರ, ಅದನ್ನ ತಡಿಯೂದು ಇದ. ಆದ್ರ ಅದು ಕೇಳೂ ಪ್ರಶ್ನೆ ಸಣ್ಣದು. ಈ ಟ್ಯೂಬಿನ್ಯಾಗಿನ ಸೀರಮ್ಮು, ಈ ಚೀಲದಾಗಿನ ಕಣ, ಇವತ್ತು ಜಗಳ ಆಡತಾವೋ ಇಲ್ಲೋ, ಇಷ್ಟ. ಅದ್ರಾಗೂ ಬರೇ ಸಲೈನ್‌ದಾಗ ತಿರುಗಿಸಿ ನೋಡೂ ಪದ್ಧತಿ ಇನ್ನೂ ಕೆಲವು ಕಡೆ ಐತಿ. ಅದ್ರಾಗ ಎಬಿಒ ತಪ್ಪು ಸಿಗತೈತಿ, ಐಜಿಜಿ ಸಿಗೂದಿಲ್ಲ. ಅದಕ್ಕ ಕೂಂಬ್ಸ್ ಹಂತ ಬೇಕು. 1945ರಾಗ ಕೂಂಬ್ಸ್, ಮೌರಂಟ್, ರೇಸ್ ಮೂರೂ ಮಂದಿ ಕೂಡಿ ತಂದಿದ್ದು ಅದು.

ಈಗ ಜೆಲ್ ಕಾರ್ಡ್ ಬಂದಾವ. ಬೆರಳಷ್ಟೂ ಇಲ್ಲದ ಕೊಳವಿ, ಒಳಗ ಜೆಲ್. ಕಣ ಎಲ್ಲಾ ತಳಕ್ಕ ಇಳದು ಗುಂಡಿ ಆಗಿ ಕೂತ್ರ ನೆಗೆಟಿವ್, ಮ್ಯಾಲ ಗೆರಿ ಕಟ್ಟಿ ನಿಂತ್ರ ಜೋರು ಪಾಸಿಟಿವ್. ನಡುವ ನಿಂತಿದ್ದ ತ್ರಾಸಿಂದು. ತಳದಾಗ ಗುಂಡಿ ಕೂತೈತಿ, ಅದರ ಮ್ಯಾಲ ನಾಕು ಕೆಂಪು ಚುಕ್ಕಿ ತಡದು ನಿಂತಾವ. ಕಾರ್ಡ್ ಹಿಂದ ಬಿಳೀ ಕಾಗದ ಹಿಡದು, ಟ್ಯೂಬ್‌ಲೈಟ್ ಕೆಳಗ ಒಂದೊಂದ ಕೊಳವಿ ನೋಡಬೇಕು. ರಾತ್ರಿ ಎರಡಕ್ಕ ಎಮರ್ಜೆನ್ಸಿ ಅಂತ ವಾರ್ಡ್‌ಬಾಯ್ ಬಾಗಲದಾಗ ನಿಂತಿರೂವಾಗ ಆ ನಾಕು ಚುಕ್ಕಿ ಕಂಡವೂ ಅದಾವ, ಕಾಣದ ಹೋದವೂ ಅದಾವ ಅಂತ ಈ ಕೆಲಸ ಮಾಡಿದವ್ರೆಲ್ಲಾ ಒಪ್ಪತಾರ.

ಕುಂದಗೋಳದಾಂವ:
ಅವ್ವನ್ನ ಕೇಳಿದೆ. 1996ರಾಗ ನಮ್ಮ ತಂಗಿ ಹುಟ್ಟಿದಾಗ ಗದಗಿನ್ಯಾಗ ಒಂದು ಬಾಟಲಿ ಹಚ್ಚಿದ್ರಂತ! ನಮಗ ಯಾರಿಗೂ ಗೊತ್ತ ಇರಲಿಲ್ಲ. ಡಿಸಿಟಿ ಮಾಡಿಸಿದ್ವಿ, ಪಾಸಿಟಿವ್ ಐತಿ. ಎರಡು ಬಾಟಲಿ ಸದ್ಯ ನಿಲ್ಲಿಸ್ಯಾರ. ಆಂಟಿಬಾಡಿ ಯಾವುದು ಅಂತ ತಿಳಿಯಾಕ ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಕಳಸ್ಯಾರ.

ವಿದ್ಯಾನಗರ ಡಾಕ್ಟ್ರು:
ಒಳ್ಳೆಯದು. ಇನ್ನೊಂದು ತುರ್ತು ವಿಷಯ. ರಕ್ತ ಕೊಟ್ಟ ಮೇಲೆ ರೋಗಿಯ ಹಳೆಯ ಸ್ಯಾಂಪಲ್ ಮತ್ತು ದಾನಿಯ ಟ್ಯೂಬನ್ನು ಬ್ಲಡ್ ಬ್ಯಾಂಕ್‌ನವರು ಕನಿಷ್ಠ ಏಳು ದಿನ ಫ್ರಿಜ್‌ನಲ್ಲಿ ಇಡಬೇಕು ಎಂಬ ನಿಯಮವಿದೆ. ಏಳು ದಿನ ದಾಟಿದ್ದರೂ ಕೇಳಿ ನೋಡಿ, ಎಸೆಯದೆ ಉಳಿದಿದ್ದರೆ ಮೊದಲಿನ ಸ್ಯಾಂಪಲ್‌ನಲ್ಲಿ ಏನಿತ್ತು ಎಂದು ಮತ್ತೆ ನೋಡಬಹುದು.

ಸಾಧನಕೇರಿ ಸಂಜಿ:
ಸ್ಯಾಂಪಲ್ ಏಳು ದಿನ ಇಡೂದು, ರಿಯಾಕ್ಷನ್ ಎಂಟನೇ ದಿನಕ್ಕ ಬರೂದು. ಚಂದ ಐತಿ ಹೊಂದಾಣಿಕಿ. ಆಮ್ಯಾಲ ಕಾರಣ ಗೊತ್ತಾಗಲಿಲ್ಲ ಅಂತ ಬರದ್ರ ಮುಗೀತು.

ಗದುಗಿನ ಪಿಪೆಟ್:
ಈ ಮಾತು ಒಪ್ಪತೀನಿ. ನನ್ನ ಸರ್ವೀಸಿನ್ಯಾಗ ನೋಡಿದ "ಕಾರಣ ಗೊತ್ತಿಲ್ಲ"ದಾಗ ಭಾಳ ಮಟ್ಟಿಗೆ ಯಾರೂ ಹುಡುಕಿರಲಿಲ್ಲ, ಅಷ್ಟ. ರಿಯಾಕ್ಷನ್ ಆತು ಅಂದ್ರ ವಾರ್ಡಿನ್ಯಾಗ ಬಾಟಲಿ ಕಿತ್ತು ಕಸದ ಬುಟ್ಟಿಗೆ, ಪೇಶಂಟ್‌ಗೆ ಅವಿಲ್ (ಅಲರ್ಜಿ ಔಷಧ), ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್). ಬುಟ್ಟಿಗೆ ಹೋದ ಬಾಟಲಿನ ಸಾಕ್ಷಿ. ಬಾಟಲಿ, ಸೆಟ್, ಹೊಸಾ ಎರಡು ಟ್ಯೂಬ್ ರಕ್ತ, ಮೊದಲ ಬಂದ ಮೂತ್ರ, ಇವು ನಾಕೂ ನಮ್ಮ ಟೇಬಲ್ಲಿಗೆ ಬಂದ್ರ ಮೊದಲ ಹತ್ತು ನಿಮಿಷದಾಗ ಅರ್ಧ ಕಥಿ ತಿಳೀತೈತಿ. ರಕ್ತ ತಿರುಗಿಸಿ ಮ್ಯಾಲಿನ ಪ್ಲಾಸ್ಮಾ ನೋಡೂದು. ಹಚ್ಚೂ ಮೊದಲಿನ ಟ್ಯೂಬಿನ್ಯಾಗ ತಿಳಿ ಹಳದಿ, ಈಗಿನದರಾಗ ಗುಲಾಬಿ, ಅಂದ್ರ ನಾಳದಾಗ ಕಣ ಒಡದಾವ. ಮೂತ್ರ ಕೆಂಪಿದ್ರ ಅದನ್ನೂ ತಿರುಗಸೂದು. ಕೆಂಪು ತಳಕ್ಕ ಕೂತು ಮ್ಯಾಲಿಂದು ತಿಳಿ ಆದ್ರ ಅದು ಬರೇ ರಕ್ತ, ಕ್ಯಾತೀಟರ್ ಗಾಯದ್ದೂ ಇರಬಹುದು. ತಿರುಗಿಸಿದ ಮ್ಯಾಲೂ ಪೂರಾ ಕೆಂಪ ಉಳದ್ರ ಅದು ಹಿಮೋಗ್ಲೋಬಿನ್.

ಇನ್ನ ಎಲ್ಲಾನೂ ಆಂಟಿಬಾಡಿ ಮ್ಯಾಲ ಹಾಕಬ್ಯಾಡ್ರಿ. ಫ್ರಿಜ್‌ದಿಂದ ಬಂದ ಬಾಟಲಿ ತಣ್ಣಗ ಐತಿ ಅಂತ ಬಕೆಟ್ ಬಿಸಿನೀರಾಗ ಇಡೂ ಸಂಬಂಧಿಕರು ಅದಾರ, ಬಗಲಾಗ ಇಟ್ಕೊಂಡು ಕೂಡೋರೂ ಅದಾರ. ಬಿಸಿ ಹೆಚ್ಚಾದ್ರ ಕಣ ಬಾಟಲಿಯೊಳಗ ಒಡೀತಾವ. ಅದ ಸೂಜಿಯೊಳಗ ಡೆಕ್ಸ್‌ಟ್ರೋಸ್ ಬಿಟ್ರೂ ಅದ ಹಣೆಬಾರ. ರಕ್ತದ ಜೋಡಿ ನಾರ್ಮಲ್ ಸಲೈನ್ ಒಂದನ್ನ ಬಿಟ್ಟು ಬ್ಯಾರೆ ಏನೂ ಹೋಗಬಾರದು.

ಹಾವೇರಿ ಏಲಕ್ಕಿ:
ನಮ್ಮ ಮಗಳಿಗೆ ಥಲಸ್ಸೀಮಿಯಾ ಐತಿ. ಮೂರು ವಾರಕ್ಕೊಮ್ಮೆ ರಕ್ತ ಹಚ್ಚಸ್ತೀವಿ. ಅಕಿಗೆ ಕಾಮಣಿ ಎಂದೂ ಆಗಿಲ್ಲ, ಆದ್ರ ಬಾಟಲಿ ಮುಗಿಯಾಕ ಬಂದಾಗ ಥಂಡಿ ಹತ್ತಿ ಹಲ್ಲು ಕಟಕಟ ಅಂತಿದ್ದವು, 102 ಜ್ವರ. ಬ್ಲಡ್ ಬ್ಯಾಂಕ್ ಕೇಳಿದ್ರ ಎಲ್ಲಾ ಟೆಸ್ಟ್ ಸರಿ ಅದಾವ ಅಂತಿದ್ರು. ಆಮ್ಯಾಲ ಒಬ್ರು ಡಾಕ್ಟ್ರು ಫಿಲ್ಟರ್ ಹಾಕಿ ಕೊಡ್ರಿ ಅಂತ ಬರಕೊಟ್ರು. ಅವತ್ತಿಂದ ಭಾಳ ಕಡಿಮಿ ಆಗೇತಿ. ಅದು ಹೆಂಗ ಅಂತ ಯಾರೂ ಬಿಡಿಸಿ ಹೇಳಿಲ್ಲ.

ವಿದ್ಯಾನಗರ ಡಾಕ್ಟ್ರು:
ಏಲಕ್ಕಿಯವರೇ, ಅದಕ್ಕೆ ಕಾರಣ ಬಿಳಿಕಣ. ಕೆಂಪುಕಣದ ಚೀಲದಲ್ಲಿ ದಾನಿಯ ಬಿಳಿಕಣಗಳೂ ಉಳಿದಿರುತ್ತವೆ. ಅವುಗಳ ಮೇಲೆ ಎಚ್‌ಎಲ್‌ಎ ಗುರುತುಗಳಿರುತ್ತವೆ. ಪದೇ ಪದೇ ರಕ್ತ ಪಡೆಯುವವರು, ಹಲವು ಬಾರಿ ಗರ್ಭಿಣಿಯಾದವರು ಅವುಗಳ ವಿರುದ್ಧ ಆಂಟಿಬಾಡಿ ಮಾಡಿಕೊಂಡಿರುತ್ತಾರೆ. ಕ್ರಾಸ್‌ಮ್ಯಾಚ್‌ನಲ್ಲಿ ನೋಡುವುದು ಕೆಂಪುಕಣವನ್ನು ಮಾತ್ರ, ಹಾಗಾಗಿ ಅಲ್ಲಿ ಎಲ್ಲ ಸರಿ ಇರುತ್ತದೆ. ಎರಡನೆಯದು ಸೈಟೊಕೈನ್. ಚೀಲದಲ್ಲಿರುವಾಗಲೇ ಆ ಬಿಳಿಕಣಗಳು ಐಎಲ್-1, ಐಎಲ್-6, ಟಿಎನ್‌ಎಫ್‌ನಂಥ ಜ್ವರ ತರುವ ಪದಾರ್ಥ ಬಿಡುತ್ತಿರುತ್ತವೆ. ಪ್ಲೇಟ್‌ಲೆಟ್ ಚೀಲದಲ್ಲಿ ಇದು ಹೆಚ್ಚು, ಯಾಕೆಂದರೆ ಅದನ್ನು ಇಡುವುದು ಫ್ರಿಜ್‌ನಲ್ಲಲ್ಲ, 20ರಿಂದ 24 ಡಿಗ್ರಿಯಲ್ಲಿ. ಬೆಡ್ ಪಕ್ಕ ಹಾಕುವ ಫಿಲ್ಟರ್ ಬಿಳಿಕಣ ತಡೆಯುತ್ತದೆ, ಆಗಲೇ ಬಿಟ್ಟ ಸೈಟೊಕೈನನ್ನು ತಡೆಯದು. ಚೀಲ ಶೇಖರಣೆಗೆ ಹೋಗುವ ಮೊದಲೇ ಫಿಲ್ಟರ್ ಮಾಡಿದ್ದು ಸಿಕ್ಕರೆ ಅದೇ ಮೇಲು.

ಒಂದು ಎಚ್ಚರಿಕೆ. ಚಳಿಜ್ವರ ಬಂದಾಗಲೆಲ್ಲ "ಮಾಮೂಲು ಜ್ವರದ ರಿಯಾಕ್ಷನ್" ಎಂದು ಹೇಳುವಂತಿಲ್ಲ. ತಪ್ಪು ಗ್ರೂಪ್‌ನ ರಕ್ತ, ಬ್ಯಾಕ್ಟೀರಿಯಾ ಸೇರಿದ ಚೀಲ, ಎರಡೂ ಶುರುವಾಗುವುದು ಹೀಗೆಯೇ. ಅವನ್ನು ಪರೀಕ್ಷಿಸಿ ತಳ್ಳಿಹಾಕಿದ ಮೇಲಷ್ಟೇ ಆ ಹೆಸರು. ಮೊದಲು ಬಾಟಲಿ ನಿಲ್ಲಿಸಬೇಕು, ಸೂಜಿ ಹಾಗೇ ಇರಲಿ, ಸಲೈನ್ ಹರಿಯಲಿ.

ಮಗಳ ಪೂರ್ತಿ ಫಿನೋಟೈಪ್, ಅಂದರೆ ಕೆಂಪುಕಣದ ಮೇಲೆ ಯಾವ ಯಾವ ಗುರುತುಗಳಿವೆ ಎಂಬ ಪರೀಕ್ಷೆ, ಮಾಡಿಸಿದ್ದೀರಾ? ಆರ್‌ಎಚ್‌ನ ಸಿ, ಇ ಜೋಡಿಗಳು ಮತ್ತು ಕೆಲ್ ಹೊಂದಿಸಿ ಕೊಟ್ಟರೆ ಆಂಟಿಬಾಡಿ ಹುಟ್ಟುವುದೇ ಕಡಿಮೆಯಾಗುತ್ತದೆ. ಮೊದಲ ಬಾಟಲಿಗೆ ಮುನ್ನವೇ ಮಾಡಿಸಬೇಕಾದ ಪರೀಕ್ಷೆ ಅದು. ಈಗ ಅವಳ ಮೈಯಲ್ಲಿ ದಾನಿಗಳ ಕಣಗಳೂ ಬೆರೆತಿರುವುದರಿಂದ ಡಿಎನ್‌ಎ ಮೂಲಕ ನೋಡಬೇಕಾದೀತು.

ಹಾವೇರಿ ಏಲಕ್ಕಿ:
ಯಾರೂ ಹೇಳಿರಲಿಲ್ರಿ. ಮುಂದಿನ ಸಲ ಕೇಳತೀನಿ.

ನವಲೂರ ಪ್ಯಾರಲ:
ಅವಿಲ್ ಮಾತು ಬಂತಲ್ಲ, ಕೇಳತೀನಿ. ನಮ್ಮ ಕಡೆ ರಕ್ತ ಹಚ್ಚೂ ಮೊದಲ ಎಲ್ಲಾರಿಗೂ ಅವಿಲ್ ಕೊಟ್ಟ ಶುರು ಮಾಡತಾರ. ಅದು ಬೇಕೇನು?

ವಿದ್ಯಾನಗರ ಡಾಕ್ಟ್ರು:
ಹಿಂದೆ ರಿಯಾಕ್ಷನ್ ಆಗಿರದವರಿಗೆ ಮುಂಚಿತವಾಗಿ ಕೊಡುವುದರಿಂದ ಲಾಭವಿದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅದು ಹಿಸ್ಟಮಿನ್‌ಗೆ ಮಾತ್ರ ಅಡ್ಡ ಬರುತ್ತದೆ. ಆಂಟಿಬಾಡಿ ಕಣ ಒಡೆಯುವುದನ್ನು ಅವಿಲ್ ತಡೆಯಲಾರದು. ನನಗೆ ಅದರ ಮೇಲಿರುವ ಸಿಟ್ಟು ಬೇರೆ. ಅವಿಲ್ ಕೊಟ್ಟಿದ್ದೇವೆಂಬ ಧೈರ್ಯದಲ್ಲಿ ಮೊದಲ 15 ನಿಮಿಷ ರೋಗಿಯ ಪಕ್ಕ ಯಾರೂ ನಿಲ್ಲುವುದಿಲ್ಲ. ನಿಜವಾಗಿ ಜೀವ ಉಳಿಸುವುದು ಆ ಹದಿನೈದು ನಿಮಿಷ.

ಚಿಗರಿ ಬಸ್:
ನನ್ನ ತಮ್ಮಗ ಡೆಂಗ್ಯೂ ಬಂದಾಗ ಬಿಳೀ ರಕ್ತ (ಪ್ಲೇಟ್‌ಲೆಟ್) ಹಚ್ಚಿದ್ರು. ಮೈಯೆಲ್ಲಾ ದದ್ದು ಎದ್ದು ಕೆರಕೊಂಡ, ಕೆರಕೊಂಡ. ಗ್ರೂಪ್ ಸರಿ ಇತ್ತು. ಅದು ಯಾವ ಲೆಕ್ಕ?

ವಿದ್ಯಾನಗರ ಡಾಕ್ಟ್ರು:
ಅಲರ್ಜಿ ಲೆಕ್ಕ. ಪ್ಲೇಟ್‌ಲೆಟ್ ತೇಲುವುದು ದಾನಿಯ ಪ್ಲಾಸ್ಮಾದಲ್ಲಿ. ಆ ಪ್ಲಾಸ್ಮಾದ ಯಾವುದೋ ಪ್ರೋಟೀನಿಗೆ ರೋಗಿಯ ಐಜಿಇ ಎಂಬ ಬಗೆಯ ಆಂಟಿಬಾಡಿ ಅಂಟಿ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಬರೀ ದದ್ದಾದರೆ ಅವಿಲ್ ಕೊಟ್ಟು, ಇಳಿದ ಮೇಲೆ ಅದೇ ಚೀಲ ನಿಧಾನವಾಗಿ ಮುಂದುವರಿಸಬಹುದಾದ ಒಂದೇ ರಿಯಾಕ್ಷನ್ ಇದು. ಉಸಿರು ಕಟ್ಟಿದರೆ, ಬಿಪಿ ಇಳಿದರೆ ಮಾತ್ರ ಅದು ಅನಾಫಿಲಾಕ್ಸಿಸ್, ಅಡ್ರಿನಲಿನ್ ಬೇಕು. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಎಂಬ ಬಗೆಯ ಆಂಟಿಬಾಡಿ ಇರುವುದಿಲ್ಲ, ದಾನಿಯ ಐಜಿಎಯನ್ನೇ ಶತ್ರುವೆಂದು ತಿಳಿಯುತ್ತಾರೆ. ಜಪಾನಿನಲ್ಲಿ ಹ್ಯಾಪ್ಟೋಗ್ಲೋಬಿನ್ ಎಂಬ ಪ್ಲಾಸ್ಮಾ ಪ್ರೋಟೀನ್ ಇಲ್ಲದವರಲ್ಲಿ ಇದೇ ಬಗೆ ಕಂಡಿದೆ. ಅಂಥವರಿಗೆ ಸಲೈನ್‌ನಲ್ಲಿ ತೊಳೆದ ಕಣ ಕೊಡುತ್ತೇವೆ.

2011ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಒಂದು ವರದಿ ನಮ್ಮ ಸೀಮೆಯವರು ಓದಲೇಬೇಕಾದ್ದು. ರಕ್ತ ಕ್ಯಾನ್ಸರ್ ಇದ್ದ ಆರು ವರ್ಷದ ಹುಡುಗನಿಗೆ ಪ್ಲೇಟ್‌ಲೆಟ್ ಕೊಟ್ಟಾಗ ಅನಾಫಿಲಾಕ್ಸಿಸ್ ಆಯಿತು. ಎಲ್ಲ ಪರೀಕ್ಷೆ ಸರಿ. ಕೆದಕಿ ಕೇಳಿದರೆ ಹುಡುಗನಿಗೆ ಚಿಕ್ಕಂದಿನಲ್ಲೇ ಶೇಂಗಾ ಆಗಿಬರುತ್ತಿರಲಿಲ್ಲ, ಮತ್ತು ದಾನಿಗಳಲ್ಲಿ ಕೆಲವರು ಹಿಂದಿನ ಸಂಜೆ ಶೇಂಗಾ ತಿಂದಿದ್ದರು. ಜೀರ್ಣವಾಗದೆ ಉಳಿಯುವ ಶೇಂಗಾ ಪ್ರೋಟೀನಿನ ತುಣುಕು ಅವರ ರಕ್ತದ ಮೂಲಕ ಇವನಿಗೆ ಬಂದಿತ್ತು.

ನವಲೂರ ಪ್ಯಾರಲ:
ಧಾರವಾಡದಾಗ ಶೇಂಗಾ ತಿನ್ನದ ದಾನಿ ಹುಡುಕೂದು ಅಂದ್ರ ಮುಗೀತು ಕಥಿ. ಹಿಂಡಿ ಇಲ್ಲದ ರೊಟ್ಟಿ ಇಳಿಯೂದಿಲ್ಲ ನಮಗ.

ವಿದ್ಯಾನಗರ ಡಾಕ್ಟ್ರು:
ದಾನಿಗಳು ಆರಾಮಾಗಿ ತಿನ್ನಲಿ, ಅಂಥ ಪ್ರಕರಣ ತೀರಾ ಅಪರೂಪ. ರೋಗಿಯ ಕಡೆಯವರು ಅಲರ್ಜಿ ಇದ್ದರೆ ಬಾಯಿಬಿಟ್ಟು ಹೇಳಲಿ, ಸಾಕು.

ನವಲೂರ ಪ್ಯಾರಲ:
ನಾನು ಕಾಲೇಜ್ ಹುಡುಗೂರನ್ನ ಕೂಡಿಸಿ ಕ್ಯಾಂಪ್ ಮಾಡಸ್ತಿರತೀನಿ. ಮಂದಿ ಕಡೀಂದ ದಿನಾ ಕೇಳೂ ಮಾತು ಒಂದ: "ಹೊರಗಿನವ್ರದು ಬ್ಯಾಡ, ನಮ್ಮ ಅಣ್ಣತಮ್ಮಂದಿರ ರಕ್ತನ ಹಚ್ಚಸ್ತೀವಿ, ಅದ ಹೊಂದತೈತಿ." ರಿಯಾಕ್ಷನ್ ತಪ್ಪಸಾಕ ಅದು ಚಲೋ ಅಲ್ಲೇನ್ರಿ? ಒಂದ ರಕ್ತ ಹಂಚಿಕೊಂಡು ಹುಟ್ಟಿದವ್ರು.

ಗದುಗಿನ ಪಿಪೆಟ್:
ಅಲ್ಲ. ಅದರಷ್ಟು ಅಪಾಯದ ನಂಬಿಕಿ ಇನ್ನೊಂದಿಲ್ಲ. ಡಾಕ್ಟ್ರ, ನೀವ ಹೇಳ್ರಿ.

ವಿದ್ಯಾನಗರ ಡಾಕ್ಟ್ರು:
ಇಲ್ಲಿ ತಕರಾರು ಉಲ್ಟಾ. ದಾನಿಯ ಚೀಲದಲ್ಲಿ ಜೀವಂತ ಟಿ-ಕೋಶಗಳು (ಒಂದು ಬಗೆಯ ಬಿಳಿಕಣ) ಇರುತ್ತವೆ. ಹೊರಗಿನವರದಾದರೆ ನಮ್ಮ ದೇಹ ಅವನ್ನು ಪರಕೀಯವೆಂದು ಗುರುತಿಸಿ ಕೊಂದುಹಾಕುತ್ತದೆ. ಒಡಹುಟ್ಟಿದವರ, ಮಕ್ಕಳ ರಕ್ತದಲ್ಲಿ ಎಚ್‌ಎಲ್‌ಎ ಸಾಮಾನ್ಯವಾಗಿ ಅರ್ಧಕ್ಕರ್ಧವಾದರೂ ಹೊಂದುವುದರಿಂದ ಕೆಲವು ಜೋಡಣೆಗಳಲ್ಲಿ ನಮ್ಮ ದೇಹಕ್ಕೆ ಅವು ಪರಕೀಯವಾಗಿ ಕಾಣುವುದೇ ಇಲ್ಲ. ಅವಕ್ಕೆ ಮಾತ್ರ ನಾವು ಪರಕೀಯರು. ಅವು ಒಳಗೆ ಬೇರುಬಿಟ್ಟು ಚರ್ಮ, ಕರುಳು, ಯಕೃತ್ತು, ಕೊನೆಗೆ ಮಜ್ಜೆಯ ಮೇಲೂ ಬೀಳುತ್ತವೆ. ಎಂಟು-ಹತ್ತು ದಿನಕ್ಕೆ ಜ್ವರ, ಮೈತುಂಬ ಕೆಂಪು ಗುಳ್ಳೆ, ಭೇದಿ, ಆಮೇಲೆ ಎಲ್ಲ ಕಣಗಳೂ ಇಳಿಯುವುದು. ಟ್ರಾನ್ಸ್‌ಫ್ಯೂಷನ್‌ನಿಂದ ಬರುವ ಗ್ರಾಫ್ಟ್ ವರ್ಸಸ್ ಹೋಸ್ಟ್ ರೋಗ ಎನ್ನುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ತೀರಾ ವಿರಳ, ನಿಜ. ಆದರೆ ಔಷಧದ ಅಲರ್ಜಿಯೆಂದೋ ಸೋಂಕೆಂದೋ ತಿಳಿದು ದಾಖಲಾಗದೇ ಹೋಗುವುದು ಇದೇ ಹೆಚ್ಚು. ಬಿಳಿಕಣದ ಫಿಲ್ಟರ್ ಇದಕ್ಕೆ ಸಾಲದು. ಚೀಲಕ್ಕೆ 25 ಗ್ರೇ ವಿಕಿರಣ ಕೊಟ್ಟು ಟಿ-ಕೋಶಗಳನ್ನು ನಿಷ್ಕ್ರಿಯಗೊಳಿಸಬೇಕು. ಆ ಯಂತ್ರ ಎಲ್ಲ ಊರಲ್ಲೂ ಇಲ್ಲ. ಆದ್ದರಿಂದ ಅಣ್ಣತಮ್ಮಂದಿರು ರಕ್ತ ಕೊಡಲಿ, ಬೇರೆಯವರಿಗೆ ಹೋಗಲಿ.

ಸಾಧನಕೇರಿ ಸಂಜಿ:
ಇದು ನನಗ ಹೊಸಾದು. ಮೂರು ವರ್ಷದ ಹಿಂದ ಮನಿ ಮಂದಿಯೆಲ್ಲಾ ಸಾಲಾಗಿ ನಿಂತು ಕಾಕಾಗ ಕೊಟ್ಟಿದ್ವಿ. ಪುಣ್ಯ ಚಲೋ ಇತ್ತು ಅವಂದು.

ಹಾವೇರಿ ಏಲಕ್ಕಿ:
ಬಾಂಬೆ ಗ್ರೂಪ್ ಅಂತ ಒಂದು ಐತಲ್ರಿ, ಅದೂ ಇದ ತರಾ ತಿಳೀದ ರಿಯಾಕ್ಷನ್ ಕೊಡತೈತೇನು?

ಗದುಗಿನ ಪಿಪೆಟ್:
ಕೊಡತೈತಿ, ಆದ್ರ ಕ್ರಾಸ್‌ಮ್ಯಾಚ್ ಸರಿಯಾಗಿ ಮಾಡಿದ್ರ ಅಲ್ಲೇ ಸಿಕ್ಕಿ ಬೀಳತೈತಿ. 1952ರಾಗ ಮುಂಬೈದಾಗ ಡಾಕ್ಟರ್ ಭೇಂಡೆ ಮತ್ತ ಅವರ ಜೋಡಿಯವ್ರು ಕಂಡುಹಿಡದ್ರು. ಇವರಿಗೆ ಎ, ಬಿಗೆ ಅಡಿಪಾಯ ಆದ ಎಚ್ ಆಂಟಿಜೆನ್ನ ಇಲ್ಲ. ಕಣ ನೋಡಿದ್ರ ಒ ಅಂತ ಕಾಣತಾರ, ಆದ್ರ ಒ ಬಾಟಲಿ ಯಾವುದೂ ಹೊಂದೂದಿಲ್ಲ. ಬರೇ ಕಣದ ಕಡೀಂದ ಗ್ರೂಪ್ ನೋಡಿ, ಸೀರಮ್ ಕಡೀಂದ ನೋಡದ ಬಿಟ್ಟಲ್ಲೇ ಪೇಚಾಟ.

ಕುಂದಗೋಳದಾಂವ:
ರಿಪೋರ್ಟ್ ಬಂತ್ರಿ. ಆಂಟಿ-ಜೆಕೆಎ ಅಂತ ಐತಿ. ಕಣದ ಮ್ಯಾಲಿಂದ ತೆಗದ ಎಲ್ಯೂಯೇಟ್‌ನಾಗೂ ಅದ ಸಿಕ್ಕೈತಂತ. ಹಿಮೋಗ್ಲೋಬಿನ್ 6.6ಕ್ಕ ನಿಂತೈತಿ, ಅವ್ವ ಎದ್ದು ಅಡ್ಡಾಡಾಕತ್ತಾಳ. ರಕ್ತ ಹಚ್ಚದ ಕಾದು ನೋಡೂಣು ಅಂದಾರ. ಇದೇನು ಜೆಕೆಎ?

ವಿದ್ಯಾನಗರ ಡಾಕ್ಟ್ರು:
ಜೆಕೆಎ ಕಿಡ್ ಗುಂಪಿನ ಒಂದು ಆಂಟಿಜೆನ್, ಆಂಟಿ-ಜೆಕೆಎ ಅದರ ವಿರುದ್ಧದ ಆಂಟಿಬಾಡಿ. ಇದನ್ನು ಮೊದಲು ಗುರುತಿಸಿದ್ದು 1951ರಲ್ಲಿ, ಬಾಸ್ಟನ್‌ನಲ್ಲಿ, ನವಜಾತ ಮಗುವಿನ ಕಣ ಒಡೆಯುತ್ತಿದ್ದ ಒಬ್ಬ ತಾಯಿಯ ರಕ್ತದಲ್ಲಿ. ತಡವಾದ ರಿಯಾಕ್ಷನ್‌ಗಳಲ್ಲಿ ಇದು ಹೆಸರುವಾಸಿ ಕಳ್ಳ. ಬೇಗ ಮಾಯವಾಗುತ್ತದೆ. ದಾನಿಗೆ ತಂದೆ-ತಾಯಿ ಇಬ್ಬರಿಂದಲೂ ಜೆಕೆಎ ಬಂದಿದ್ದರೆ ಜೋರಾಗಿ, ಒಬ್ಬರಿಂದಷ್ಟೇ ಬಂದಿದ್ದರೆ ಸಣ್ಣಗೆ ಪ್ರತಿಕ್ರಿಯಿಸುತ್ತದೆ. ಹಾಗಾಗಿ ಕೆಲವು ಚೀಲಗಳ ಜೊತೆ ಕ್ರಾಸ್‌ಮ್ಯಾಚ್‌ನಲ್ಲಿ ಕಾಣುವುದೇ ಇಲ್ಲ. ಸಾಲದ್ದಕ್ಕೆ ಇದು ಕಾಂಪ್ಲಿಮೆಂಟ್ ವ್ಯವಸ್ಥೆಯನ್ನೂ (ಕಣಕ್ಕೆ ತೂತು ಕೊರೆದು ಒಡೆಯಬಲ್ಲ ರಕ್ತದ ಪ್ರೋಟೀನುಗಳು) ಎಬ್ಬಿಸುತ್ತದೆ, ಗುಲ್ಮದವರೆಗೆ ಕಾಯದೆ ನಾಳದಲ್ಲೇ ಒಂದಷ್ಟು ಕಣ ಒಡೆಯುತ್ತದೆ. ನಿಮ್ಮ ತಾಯಿಯ ಮೂತ್ರ ಕಪ್ಪಾದದ್ದು ಅದಕ್ಕೇ ಇರಬಹುದು. ಒಡೆದದ್ದು ದಾನಿಯ ಕಣ, ತಾಯಿಯವಲ್ಲ. ಕಿಡ್ನಿ ಸರಿ ಇದೆಯೇ ಎಂದು ಕ್ರಿಯಾಟಿನಿನ್ ಒಮ್ಮೆ ನೋಡಿಸಿ. ಹೆಚ್ಚಿನವರು ಅವರಷ್ಟಕ್ಕೇ ಸುಧಾರಿಸುತ್ತಾರೆ.

ಸಾಧನಕೇರಿ ಸಂಜಿ:
ಇವರದು ಸಿಕ್ತು. ಎಲ್ಲಾ ಹುಡುಕಿದ ಮ್ಯಾಲೂ ಏನೂ ಸಿಗದ್ದು ಇರತೈತೋ ಇಲ್ಲೋ? ಖರೇ ಹೇಳ್ರಿ.

ವಿದ್ಯಾನಗರ ಡಾಕ್ಟ್ರು:
ಇರುತ್ತದೆ. ಸಿಕಲ್ ಸೆಲ್ (ಕೆಂಪುಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗ) ರೋಗಿಗಳ ತಡವಾದ ರಿಯಾಕ್ಷನ್‌ಗಳಲ್ಲಿ ಗಣನೀಯ ಪಾಲಿಗೆ ಹೊಸ ಆಂಟಿಬಾಡಿ ಸಿಗುವುದೇ ಇಲ್ಲ. ಕೆಲವೊಮ್ಮೆ ನಾವು ಟೆಸ್ಟಿಗೆ ಬಳಸುವ ಕಣಗಳಲ್ಲಿ ಆ ಅಪರೂಪದ ಆಂಟಿಜೆನ್ ಇರುವುದಿಲ್ಲ. ಕೆಲವೊಮ್ಮೆ ಆಂಟಿಬಾಡಿ ಸಡಿಲವಾಗಿ ಅಂಟಿದ್ದು, ತೊಳೆಯುವಾಗ ಹೋಗಿಬಿಡುತ್ತದೆ. ಅವೆರಡೂ ಅಲ್ಲದೆ, ಆಂಟಿಬಾಡಿಯ ಹಂಗೇ ಇಲ್ಲದೆ ಕಾಂಪ್ಲಿಮೆಂಟ್ ತಾನೇ ಎದ್ದು ನಿಲ್ಲುವುದೂ ಇದೆ. ಒಡೆದ ಕಣದಿಂದ ಬಂದ ಹೀಮ್ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ, ಕೆರಳಿದ ಮ್ಯಾಕ್ರೋಫೇಜ್‌ಗಳು ದಾನಿಯದು ರೋಗಿಯದು ಎಂದು ನೋಡದೆ ನುಂಗುತ್ತವೆ. ಹಿಮೋಗ್ಲೋಬಿನ್ ರಕ್ತ ಕೊಡುವ ಮೊದಲಿದ್ದದ್ದಕ್ಕಿಂತ ಕೆಳಗಿಳಿಯುತ್ತದೆ. ಹೈಪರ್‌ಹಿಮೋಲಿಸಿಸ್ ಎನ್ನುವುದು ಇದನ್ನೇ. ಆಗ ಮತ್ತೆ ರಕ್ತ ಕೊಟ್ಟರೆ ಬೆಂಕಿಗೆ ತುಪ್ಪ. ಸ್ಟೀರಾಯ್ಡ್, ಐವಿಐಜಿ (ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿಯ ಔಷಧ), ಗಂಭೀರವಾದರೆ ಕಾಂಪ್ಲಿಮೆಂಟ್ ತಡೆಯುವ ಎಕ್ಯುಲಿಜುಮಾಬ್ ಬಳಸಿದ್ದುಂಟು.

ರಕ್ತದ್ದೇ ಅಲ್ಲದ್ದೂ ಇರುತ್ತದೆ. ಅದೇ ವಾರ ಕೊಟ್ಟ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೂಡ ಆಂಟಿಬಾಡಿ ಎಬ್ಬಿಸಿ ಕಣ ಒಡೆಯಬಲ್ಲದು, ಡಿಸಿಟಿ ಪಾಸಿಟಿವ್ ಮಾಡಬಲ್ಲದು. ಬೈಗುಳ ಮಾತ್ರ ಬ್ಲಡ್ ಬ್ಯಾಂಕಿಗೆ. ಇನ್ನು ಉಸಿರಾಟದ ರಿಯಾಕ್ಷನ್ ಇದೆ, ಟ್ರಾಲಿ ಅಂತ. ಆರು ಗಂಟೆಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬುವುದು. ಅಲ್ಲಿ ಆಂಟಿಬಾಡಿ ಇರುವುದು ದಾನಿಯ ಪ್ಲಾಸ್ಮಾದಲ್ಲಿ, ಹೆಚ್ಚಾಗಿ ಹಲವು ಮಕ್ಕಳಾದ ತಾಯಂದಿರದು. ಇಂಗ್ಲೆಂಡಿನವರು 2003ರಿಂದ ಗಂಡಸರ ಪ್ಲಾಸ್ಮಾಕ್ಕೆ ಆದ್ಯತೆ ಕೊಟ್ಟ ಮೇಲೆ ಅದು ಬಹಳ ಇಳಿಯಿತು. ಆದರೆ ವಯಸ್ಸಾದವರಿಗೆ ಬೇಗ ಬೇಗ ರಕ್ತ ಹರಿಸಿ ಹೃದಯಕ್ಕೆ ಭಾರವಾದಾಗಲೂ ಉಸಿರು ಹೀಗೇ ಕಟ್ಟುತ್ತದೆ. ಅದರಲ್ಲಿ ಪ್ರತಿರಕ್ಷೆಯ ಪಾತ್ರವೇ ಇಲ್ಲ.

ನಮ್ಮ ದೇಶದಲ್ಲಿ 2012ರ ಡಿಸೆಂಬರ್ 10ರಿಂದ ಹಿಮೋವಿಜಿಲೆನ್ಸ್ (ರಕ್ತ ಕೊಟ್ಟಾಗಿನ ರಿಯಾಕ್ಷನ್‌ಗಳ ಮೇಲೆ ನಿಗಾ ಇಡುವ) ಕಾರ್ಯಕ್ರಮ ಇದೆ, ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯಾಲಜಿಕಲ್ಸ್ ನಡೆಸುತ್ತದೆ. ರಿಯಾಕ್ಷನ್ ಆದರೆ ಫಾರ್ಮ್ ತುಂಬಿ ಕಳಿಸಬೇಕು. ನಿಮ್ಮ ತಾಯಿಯದನ್ನೂ ಕಳಿಸಿ ಎಂದು ಆಸ್ಪತ್ರೆಯವರಿಗೆ ಕೇಳಿ. ಯಾರ ಮೇಲೂ ದೂರಲ್ಲ ಅದು.

ಕುಂದಗೋಳದಾಂವ:
ಕೇಳತೀನಿ. ಇನ್ನ ಮುಂದ ಅವ್ವಗ ರಕ್ತ ಬೇಕಾದ್ರ ಹೆಂಗ? ಟೆಸ್ಟ್‌ದಾಗ ಮತ್ತ ನೆಗೆಟಿವ್ ಬರತೈತಿ ಅಂದ್ರಲ್ಲ.

ಗದುಗಿನ ಪಿಪೆಟ್:
ಬರತೈತಿ, ವರ್ಷದಾಗ ಮಾಯ ಆದ್ರೂ ಆತು. ಅದಕ್ಕ ರಿಪೋರ್ಟಿನ ಝೆರಾಕ್ಸ್ ಲ್ಯಾಮಿನೇಷನ್ ಮಾಡಿಸಿ ಆಧಾರ್ ಕಾರ್ಡಿನ ಜೋಡಿ ಇಡ್ರಿ. "ಬಿ ಪಾಸಿಟಿವ್, ಆಂಟಿ-ಜೆಕೆಎ ಇತ್ತು, ಜೆಕೆಎ ನೆಗೆಟಿವ್ ರಕ್ತ ಮಾತ್ರ" ಅಂತ ದಪ್ಪ ಅಕ್ಷರದಾಗ, ತಾರೀಖು ಹಾಕಿ ಬರಸ್ರಿ. ಸ್ಕ್ರೀನಿಂಗ್ ನೆಗೆಟಿವ್ ಬಂದ್ರೂ ಆ ಕಾರ್ಡ್ ತೋರಸೂದ. ಫೋನಿನ್ಯಾಗಿನ ಫೋಟೋ ನಂಬಬ್ಯಾಡ್ರಿ, ಬೇಕಾದ ದಿನ ಚಾರ್ಜ್ ಇರೂದಿಲ್ಲ.

ಕುಂದಗೋಳದಾಂವ:
ನಮ್ಮ ಸೋದರಮಾವಂದೂ ಬಿ ಪಾಸಿಟಿವ್. ಅವರಿಗೂ ಜೆಕೆಎ ಇರಲಿಕ್ಕಿಲ್ಲ ಅಲ್ರಿ?

ಗದುಗಿನ ಪಿಪೆಟ್:
ಇರದ ಇರಬಹುದು, ಒಡಹುಟ್ಟಿದವ್ರಾಗ ಆ ಸಾಧ್ಯತೆ ಜಾಸ್ತಿ. ಆದ್ರ ಮ್ಯಾಲ ಡಾಕ್ಟ್ರು ಹೇಳಿದ್ದು ಓದಿದ್ರಲ್ಲ, ಒಡಹುಟ್ಟಿದವ್ರ ಚೀಲ ವಿಕಿರಣ ಕೊಡದ ಹಚ್ಚೂಹಂಗಿಲ್ಲ. ಅಷ್ಟು ತ್ರಾಸ ತಗೊಳ್ಳೂ ಕಾರಣನೂ ಇಲ್ಲ. ನಮ್ಮ ಮಂದ್ಯಾಗ ಸುಮಾರು ನಾಕೈದು ಜನರಾಗ ಒಬ್ರಿಗೆ ಜೆಕೆಎ ಇರೂದಿಲ್ಲ. ಬ್ಲಡ್ ಬ್ಯಾಂಕಿನ್ಯಾಗ ಹತ್ತು ಬಿ ಪಾಸಿಟಿವ್ ಚೀಲ ಆಂಟಿಸೀರಮ್ ಹಾಕಿ ನೋಡಿದ್ರ ಎರಡು ಸಿಗತಾವ. ಮಾವಗ ನವಲೂರವರ ಕ್ಯಾಂಪಿಗೆ ಬಂದು ಕೊಡಾಕ ಹೇಳ್ರಿ.

ನವಲೂರ ಪ್ಯಾರಲ:
ಬರಲಿ ಬರಲಿ. ಶೇಂಗಾ ತಿಂದ ಬಂದ್ರೂ ನಡೀತೈತಿ.